ಮಕ್ಕಳಲ್ಲಿ ಆನುವಂಶಿಕ ಮಿದುಳಿನ ರಚನಾದೋಷಗಳು ಹಾಗೂ ಚಲನಾ ವ್ಯಾಧಿಗಳು: ಕುಣಿಗಲ್ ತಾಲ್ಲೂಕಿನ ಪೋಷಕರ ಮಾಹಿತಿಗಾಗಿ

ಕೆಲವು ಶಿಶುಗಳಿಗೆ ಆರು ತಿಂಗಳು ತುಂಬಿದರೂ ಕತ್ತು ನಿಲ್ಲುವುದಿಲ್ಲ. ತಲೆಯ ಸುತ್ತಳತೆ ವಯಸ್ಸಿಗೆ ತಕ್ಕಂತೆ ಬೆಳೆಯುವುದಿಲ್ಲ ಅಥವಾ ಮಿತಿಮೀರಿ ಬೆಳೆಯುತ್ತದೆ. ಇನ್ನು ಕೆಲವು ಮಕ್ಕಳು ಹತ್ತು ಹನ್ನೆರಡು ವರ್ಷಗಳವರೆಗೆ ಎಲ್ಲರಂತೆಯೇ ಆಡಿ, ಓದಿ, ಅನಂತರ ಇದ್ದಕ್ಕಿದ್ದಂತೆ ಕೈ ನಡುಕ, ಎಂಜಲು ಸೋರುವಿಕೆ, ತೊದಲು ಮಾತು ಮುಂತಾದ ತೊಂದರೆಗಳಿಗೆ ಒಳಗಾಗುತ್ತಾರೆ. ಇಂತಹ ಮಕ್ಕಳ ಸ್ಥಿತಿಗೆ ಗ್ರಹಚಾರ, ನಾಗದೋಷ ಅಥವಾ ತಾಯಿಯು ಬಸಿರಿನಲ್ಲಿ ಗ್ರಹಣ ನೋಡಿದ್ದು ಕಾರಣವೆಂದು ಹೇಳುವವರು ಇಂದಿಗೂ ಇದ್ದಾರೆ. ಮತ್ತೊಂದೆಡೆ, ಸರಿಯಾದ ಪರೀಕ್ಷೆಯಿಲ್ಲದೆ ಎಲ್ಲವನ್ನೂ ‘ಸೆರೆಬ್ರಲ್ ಪಾಲ್ಸಿ’ ಎಂಬ ಒಂದೇ ಹೆಸರಿನಡಿ ಸೇರಿಸಿಬಿಡುವುದೂ ಉಂಟು. ಈ ಎರಡೂ ಕ್ರಮಗಳಿಂದ ಆಗುವ ನಷ್ಟ ಒಂದೇ: ಕಾಯಿಲೆಯ ನಿಜವಾದ ಹೆಸರು ತಿಳಿಯದೇ ಹೋಗುತ್ತದೆ.

ಹೆಸರು ತಿಳಿದರೆ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜವಾದುದು. ಈ ಗುಂಪಿನ ಬಹುಪಾಲು ಕಾಯಿಲೆಗಳನ್ನು ಪೂರ್ಣವಾಗಿ ಗುಣಪಡಿಸುವ ಔಷಧಿ ಇಲ್ಲವೆಂಬುದು ನಿಜ. ಆದರೆ ಕೆಲವಕ್ಕೆ ಇದೆ. ಅವುಗಳಲ್ಲಿ ಕಾಲಹರಣವಾದಷ್ಟೂ ಮಿದುಳಿಗೆ ಆಗುವ ಹಾನಿ ಶಾಶ್ವತವಾಗುತ್ತದೆ. ಚಿಕಿತ್ಸೆ ಇಲ್ಲದ ಕಾಯಿಲೆಗಳಲ್ಲಿಯೂ ಮುಂದಿನ ಮಗುವಿಗೆ ಅದೇ ತೊಂದರೆ ಬರುವ ಸಂಭವ ಎಷ್ಟು ಎಂಬುದು ಹೆಸರಿನ ಮೇಲೆಯೇ ನಿಂತಿದೆ. ಒಂದು ಕಾಯಿಲೆಯಲ್ಲಿ ಆ ಸಂಭವ ನೂರಕ್ಕೆ 1ರಷ್ಟಿದ್ದರೆ ಮತ್ತೊಂದರಲ್ಲಿ ನೂರಕ್ಕೆ 25ರಷ್ಟಿರುತ್ತದೆ.

ಮಿದುಳು ರೂಪುಗೊಳ್ಳುವ ಬಗೆ

ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಭ್ರೂಣದ ಬೆನ್ನಿನ ಭಾಗದಲ್ಲಿ ನರನಾಳವು ಮುಚ್ಚಿಕೊಳ್ಳುತ್ತದೆ. ಇದರ ಮೇಲ್ತುದಿಯೇ ಮುಂದೆ ಮಿದುಳಾಗುತ್ತದೆ. ಬಹುತೇಕ ತಾಯಂದಿರಿಗೆ ತಾವು ಗರ್ಭಿಣಿಯರೆಂಬುದು ಖಚಿತವಾಗುವ ವೇಳೆಗೆ ಈ ಹಂತ ಮುಗಿದಿರುತ್ತದೆ. ಆದುದರಿಂದಲೇ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ನಿಂತ ಮೇಲಲ್ಲ, ಗರ್ಭಧಾರಣೆಗೆ ಮುನ್ನವೇ ಪ್ರಾರಂಭಿಸಬೇಕೆಂದು ಸಲಹೆ ನೀಡಲಾಗುತ್ತದೆ. ಈ ಮಾತ್ರೆಯು ನರನಾಳದ ದೋಷಗಳನ್ನು ಗಣನೀಯವಾಗಿ ತಡೆಯುತ್ತದೆ; ಆದರೆ ಈ ಲೇಖನದಲ್ಲಿ ಮುಂದೆ ವಿವರಿಸಲಾಗಿರುವ ಕಾಯಿಲೆಗಳನ್ನು ತಡೆಯುವುದಿಲ್ಲ.

ಅನಂತರದ ತಿಂಗಳುಗಳಲ್ಲಿ ನರಕೋಶಗಳು ಮಿದುಳಿನ ಒಳಭಾಗದಲ್ಲಿ ಹುಟ್ಟಿ ಹೊರಭಾಗದತ್ತ ಸಾಗುತ್ತವೆ. ಸಸಿಮಡಿಯಲ್ಲಿ ಮೊಳೆತ ಪೈರನ್ನು ಕಿತ್ತು ಗದ್ದೆಯಲ್ಲಿ ಸಾಲುಸಾಲಾಗಿ ನಾಟಿ ಮಾಡುವ ಕೆಲಸಕ್ಕೆ ಇದನ್ನು ಹೋಲಿಸಬಹುದು. ಸಸಿಮಡಿಯಲ್ಲಿಯೇ ಸಸಿಗಳು ಕಡಿಮೆ ಹುಟ್ಟಿದರೆ ಮಿದುಳು ಚಿಕ್ಕದಾಗುತ್ತದೆ. ಸಾಕಷ್ಟು ಸಸಿಗಳು ಹುಟ್ಟಿಯೂ ನಾಟಿ ಕೆಟ್ಟರೆ ಮಿದುಳಿನ ಹೊರಪದರ ದಪ್ಪವಾಗಿ, ಮಡಿಕೆಗಳಿಲ್ಲದೆ ನುಣುಪಾಗಿ ಉಳಿಯುತ್ತದೆ. ಕೋಶ ಹುಟ್ಟುವುದು, ನಡೆಯುವುದು, ನಿಲ್ಲುವುದು, ಒಂದಕ್ಕೊಂದು ಕೂಡಿಕೊಳ್ಳುವುದು ಇವುಗಳಲ್ಲಿ ಪ್ರತಿಯೊಂದನ್ನೂ ಬೇರೆ ಬೇರೆ ಜೀನುಗಳು ನಿಯಂತ್ರಿಸುತ್ತವೆ.

ಜೀನು ಅಥವಾ ವಂಶವಾಹಿ ಎಂದರೆ ದೇಹದ ಒಂದೊಂದು ಸಾಮಗ್ರಿಯನ್ನು ತಯಾರಿಸುವ ಕ್ರಮವನ್ನು ಒಳಗೊಂಡ ಬರಹವೆಂದು ತಿಳಿಯಬಹುದು. ಮನುಷ್ಯನಲ್ಲಿ ಇಂತಹವು ಸುಮಾರು 20,000 ಇವೆ. ಬಹುತೇಕ ಎಲ್ಲ ಜೀನುಗಳೂ ಎರಡೆರಡು ಪ್ರತಿಗಳಲ್ಲಿ ಇರುತ್ತವೆ. ಒಂದು ತಂದೆಯಿಂದ, ಒಂದು ತಾಯಿಯಿಂದ ಬಂದುದು.

ದೋಷ ಸಾಗುವ ದಾರಿಗಳು

ಹುಟ್ಟಿನಿಂದಲೇ ತಲೆ ತೀರ ಚಿಕ್ಕದಾಗಿರುವ ಒಂದು ಬಗೆಯ ಕಾಯಿಲೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಎ.ಎಸ್.ಪಿ.ಎಂ. ಎಂಬ ಜೀನಿನ ಎರಡೂ ಪ್ರತಿಗಳು ಕೆಟ್ಟಾಗ ಇದು ಉಂಟಾಗುತ್ತದೆ. ಆ ಜೀನನ್ನು 2002ರಲ್ಲಿ ಗುರುತಿಸಲಾಯಿತು. ಇಂತಹ ಮಗುವಿನ ತಂದೆಯಲ್ಲಿ ಒಂದು ಪ್ರತಿ, ತಾಯಿಯಲ್ಲಿ ಒಂದು ಪ್ರತಿ ಕೆಟ್ಟಿರುತ್ತದೆ. ಉಳಿದ ಒಳ್ಳೆಯ ಪ್ರತಿಯೇ ಕೆಲಸ ಸಾಗಿಸುವುದರಿಂದ ಅವರಿಬ್ಬರೂ ಪೂರ್ಣ ಆರೋಗ್ಯವಂತರು. ಅವರನ್ನು ‘ವಾಹಕರು’ ಎನ್ನುತ್ತಾರೆ. ಇಬ್ಬರು ವಾಹಕರಿಗೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು.

ಇಲ್ಲಿ ಒಂದು ತಪ್ಪು ಗ್ರಹಿಕೆ ಬಹಳ ವ್ಯಾಪಕವಾಗಿದೆ. ‘ನಾಲ್ಕರಲ್ಲಿ ಒಂದು’ ಎಂದರೆ ಮೊದಲ ಮಗುವಿಗೆ ಬಂದುಹೋಯಿತು, ಇನ್ನು ಮೂವರಿಗೆ ಭಯವಿಲ್ಲ ಎಂದು ಅರ್ಥವಲ್ಲ. ಚೌಕಾಬಾರದ ಕವಡೆಗಳಿಗೆ ಹಿಂದಿನ ಗರ ಯಾವುದೆಂಬುದು ನೆನಪಿರುವುದಿಲ್ಲ. ಪ್ರತಿ ಗರ್ಭವೂ ಅಂತೆಯೇ ಹೊಸ ಗರ. ಮೊದಲ ಎರಡು ಮಕ್ಕಳೂ ಬಾಧಿತರಾಗಿರುವ ಕುಟುಂಬಗಳೂ, ನಾಲ್ವರಲ್ಲಿ ಒಬ್ಬರಿಗೂ ಬಾರದಿರುವ ಕುಟುಂಬಗಳೂ ಇರುತ್ತವೆ.

ಎಲ್ಲ ರಚನಾದೋಷಗಳೂ ಈ ದಾರಿಯಲ್ಲಿ ಬರುವುದಿಲ್ಲ. ಮಿದುಳು ನುಣುಪಾಗಿ ಉಳಿಯುವ ಲಿಸೆನ್ಸೆಫಲಿ ಎಂಬ ದೋಷಕ್ಕೆ ಮುಖ್ಯ ಕಾರಣ 17ನೆಯ ವರ್ಣತಂತುವಿನಲ್ಲಿರುವ ಲಿಸ್-1 ಎಂಬ ಜೀನು. ಇದರಲ್ಲಿನ ದೋಷವು ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಲ್ಲಿಯೂ ಇರುವುದಿಲ್ಲ. ಅಂಡ ಅಥವಾ ವೀರ್ಯಾಣು ರೂಪುಗೊಳ್ಳುವಾಗ ಹೊಸದಾಗಿ ಉಂಟಾಗಿರುತ್ತದೆ. ಹಾಗಾದಾಗ ಮುಂದಿನ ಮಗುವಿಗೆ ಅದು ಮರುಕಳಿಸುವ ಸಂಭವ ನೂರಕ್ಕೆ ಸುಮಾರು 1 ಮಾತ್ರ. ಅದೇ ಲಿಸೆನ್ಸೆಫಲಿಯು ಎಕ್ಸ್ ವರ್ಣತಂತುವಿನಲ್ಲಿರುವ ಡಿ.ಸಿ.ಎಕ್ಸ್. ಜೀನಿನಿಂದ ಬಂದಿದ್ದರೆ ಲೆಕ್ಕ ಪೂರ್ಣ ಬದಲಾಗುತ್ತದೆ. ಆಗ ತಾಯಿಯಲ್ಲಿ ಲಘುವಾದ ರೂಪದಲ್ಲಿ ದೋಷವಿರಬಹುದು. ಅವರಿಗೆ ಎಂದೋ ಫಿಟ್ಸ್ ಬಂದಿದ್ದುದಷ್ಟೇ ಅದರ ಕುರುಹಾಗಿರಬಹುದು. ಅವರ ಗಂಡುಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ತೀವ್ರ ರೂಪ ಬರುವ ಸಂಭವವಿದೆ. ಎಂ.ಆರ್.ಐ. ಚಿತ್ರದಲ್ಲಿ ಎರಡೂ ಸರಿಸುಮಾರು ಒಂದೇ ರೀತಿ ಕಂಡರೂ ಕುಟುಂಬಕ್ಕೆ ನೀಡಬೇಕಾದ ಉತ್ತರ ಬೇರೆ.

ಜೂಬರ್ಟ್ ಸಿಂಡ್ರೋಮ್ ಎಂಬ ಮತ್ತೊಂದು ದೋಷದಲ್ಲಿ ಕಿರುಮಿದುಳಿನ ನಡುಭಾಗ ಸರಿಯಾಗಿ ಬೆಳೆದಿರುವುದಿಲ್ಲ. ಶಿಶುವಿನ ಉಸಿರಾಟ ಕೆಲವೊಮ್ಮೆ ಅತಿವೇಗ, ಕೆಲವೊಮ್ಮೆ ತಡೆತಡೆದು ಇರುತ್ತದೆ, ಮೈ ಸಡಿಲವಾಗಿರುತ್ತದೆ. ಎಂ.ಆರ್.ಐ.ನಲ್ಲಿ ದವಡೆ ಹಲ್ಲಿನ ಆಕಾರ ಕಾಣುತ್ತದೆ. ಮಿದುಳಿನ ದೋಷವನ್ನು ತಿದ್ದಲಾಗದಿದ್ದರೂ ಈ ಮಕ್ಕಳಲ್ಲಿ ಕೆಲವರಿಗೆ ಮುಂದೆ ಮೂತ್ರಪಿಂಡ ಮತ್ತು ಕಣ್ಣಿನ ಅಕ್ಷಿಪಟಲ ಕೆಡುವುದರಿಂದ, ಹೆಸರು ತಿಳಿದ ದಿನದಿಂದಲೇ ಅವುಗಳ ಪರೀಕ್ಷೆಯನ್ನು ಕ್ರಮವಾಗಿ ನಡೆಸಬೇಕಾಗುತ್ತದೆ.

ರಕ್ತಸಂಬಂಧದಲ್ಲಿ ವಿವಾಹ

ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳೊಡನೆ ವಿವಾಹ ಮಾಡುವುದು ಹಳೆಯ ಮೈಸೂರು ಪ್ರಾಂತದಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 27 ವಿವಾಹಗಳು ರಕ್ತಸಂಬಂಧಿಗಳ ನಡುವೆ ನಡೆದವು. ಜಮೀನು ಒಡೆಯದಿರಲಿ, ಮಗಳು ಪರಿಚಿತರ ಮನೆಯಲ್ಲಿರಲಿ ಎಂಬ ಕಾರಣಗಳು ಇದರ ಹಿಂದಿವೆ. ಅವುಗಳನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ.

ಆದರೆ ವಂಶವಾಹಿಗಳ ಲೆಕ್ಕ ಬೇರೆ. ಪ್ರತಿಯೊಬ್ಬ ಮನುಷ್ಯನಲ್ಲಿಯೂ ಕೆಲವು ಜೀನುಗಳ ಒಂದೊಂದು ಪ್ರತಿ ಕೆಟ್ಟಿರುತ್ತದೆ. ಸಂಬಂಧವಿಲ್ಲದ ಇಬ್ಬರಲ್ಲಿ ಒಂದೇ ಜೀನು ಕೆಟ್ಟಿರುವುದು ಅಪರೂಪ. ಸೋದರಸಂಬಂಧಿಗಳು ತಮ್ಮ ಜೀನುಗಳಲ್ಲಿ ಎಂಟನೆಯ ಒಂದು ಭಾಗವನ್ನು, ಸೋದರಮಾವ ಮತ್ತು ಸೊಸೆ ನಾಲ್ಕನೆಯ ಒಂದು ಭಾಗವನ್ನು ಒಂದೇ ಮೂಲದಿಂದ ಪಡೆದಿರುತ್ತಾರೆ. ಹೀಗಾಗಿ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲಿಯೂ ಇರುವ ಸಂಭವ ಹೆಚ್ಚುತ್ತದೆ. ಸಾಮಾನ್ಯ ದಂಪತಿಗಳಲ್ಲಿ ನೂರು ಮಕ್ಕಳಿಗೆ ಎರಡು ಮೂರು ಮಕ್ಕಳು ಯಾವುದಾದರೊಂದು ಜನ್ಮಜಾತ ದೋಷದೊಂದಿಗೆ ಹುಟ್ಟಿದರೆ, ಸೋದರಸಂಬಂಧಿ ದಂಪತಿಗಳಲ್ಲಿ ಆ ಸಂಖ್ಯೆ ಸರಿಸುಮಾರು ಇಮ್ಮಡಿಯಾಗುತ್ತದೆ. ಅಂದರೆ ಅವರ ಮಕ್ಕಳಲ್ಲಿಯೂ ಬಹುಪಾಲು ಮಂದಿ ಆರೋಗ್ಯವಂತರೇ. ರಕ್ತಸಂಬಂಧದಲ್ಲಿ ಮದುವೆಯಾದವರೆಲ್ಲ ಭಯಪಡಬೇಕಾಗಿಲ್ಲ; ಆದರೆ ಕುಟುಂಬದಲ್ಲಿ ಈಗಾಗಲೇ ಬಾಧಿತ ಮಗುವೊಂದಿದ್ದಾಗ ಈ ಲೆಕ್ಕವನ್ನು ಕಡೆಗಣಿಸುವಂತಿಲ್ಲ.

ಬೆಂಗಳೂರು ಮತ್ತು ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ 1980ರ ದಶಕದಲ್ಲಿ ಸುಮಾರು ಒಂದು ಲಕ್ಷದಷ್ಟು ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲಗಳ ದೋಷಗಳಿಗಾಗಿ ವಿಜ್ಞಾನಿಗಳು ಪರೀಕ್ಷಿಸಿದ್ದರು. ರಕ್ತಸಂಬಂಧದ ವಿವಾಹಗಳ ಪರಿಣಾಮವನ್ನು ಅರಿಯುವ ಕೆಲಸ ಈ ರಾಜ್ಯದಲ್ಲಿ ಅಂದಿನಿಂದಲೇ ನಡೆದಿದೆ.

ಸಂಬಂಧದಲ್ಲಿ ಮದುವೆಯಾಗದಿದ್ದರೆ ಸಾಕು ಎಂದೂ ತಿಳಿಯಬಾರದು. ಒಂದೇ ಒಳಪಂಗಡದೊಳಗೆ ತಲೆತಲಾಂತರದಿಂದ ವಿವಾಹಗಳು ನಡೆದಾಗ ಗೋತ್ರ, ಬೆಡಗು ಬೇರೆಯಾದರೂ ಪೂರ್ವಜರೊಬ್ಬರ ಕೆಟ್ಟ ಪ್ರತಿ ಹಲವರಲ್ಲಿ ಉಳಿದಿರುತ್ತದೆ. ಉತ್ತರ ಭಾರತದ ಅಗರ್ವಾಲ್ ಸಮುದಾಯದಲ್ಲಿ ಕಂಡುಬಂದಿರುವ ಒಂದು ಮಿದುಳಿನ ಕಾಯಿಲೆ ಇದಕ್ಕೆ ಸ್ಪಷ್ಟ ನಿದರ್ಶನ. ಇದರಲ್ಲಿ ಮಗುವಿನ ತಲೆ ಮೊದಲ ವರ್ಷದಲ್ಲಿಯೇ ದೊಡ್ಡದಾಗುತ್ತದೆ, ಕೆಲವು ವರ್ಷಗಳ ಬಳಿಕ ನಡಿಗೆ ಬಿಗಿಯಾಗುತ್ತದೆ. ಆ ಸಮುದಾಯದ ರೋಗಿಗಳಲ್ಲಿ ಎಂ.ಎಲ್.ಸಿ.-1 ಎಂಬ ಜೀನಿನ ಒಂದೇ ಜಾಗದಲ್ಲಿ ಒಂದೇ ಬಗೆಯ ದೋಷ ಕಂಡುಬಂದಿದೆ.

ಕುಣಿಗಲ್ ಪಟ್ಟಣವು ಟಿಪ್ಪು ಸುಲ್ತಾನನ ಕಾಲದಿಂದಲೂ ಕುದುರೆ ಫಾರಂಗೆ ಹೆಸರಾದ ಊರು. ಓಟದ ಕುದುರೆಗಳ ತಳಿ ಸಾಕುವವರು ಪ್ರತಿ ಮರಿಯ ತಂದೆ, ತಾಯಿ, ಅಜ್ಜ, ಅಜ್ಜಿಯರ ಹೆಸರುಗಳನ್ನು ತಪ್ಪದೆ ದಾಖಲಿಸುತ್ತಾರೆ. ಇಂಗ್ಲೆಂಡಿನಲ್ಲಿ ಇಂತಹ ವಂಶಾವಳಿ ಪುಸ್ತಕವು 1791ರಿಂದ ಇದೆ. ಅರಬ್ಬೀ ತಳಿಯ ಕುದುರೆಮರಿಗಳಲ್ಲಿ ಕಿರುಮಿದುಳಿನ ಕೋಶಗಳು ನಾಶವಾಗಿ ತಲೆ ನಡುಗುವ, ಹೆಜ್ಜೆ ತಪ್ಪುವ ಒಂದು ಕಾಯಿಲೆ ಇದೆ. ಅದೂ ಎರಡೂ ಕಡೆಯ ಕೆಟ್ಟ ಪ್ರತಿ ಕೂಡಿದಾಗಲೇ ಬರುತ್ತದೆ, ಮತ್ತು ವಾಹಕ ಕುದುರೆಗಳನ್ನು ಪರೀಕ್ಷೆಯಿಂದ ಗುರುತಿಸಿ ಜೋಡಿ ಮಾಡುವುದನ್ನು ತಪ್ಪಿಸಲಾಗುತ್ತದೆ. ಕುದುರೆಯ ವಂಶಾವಳಿಗೆ ತೋರುವ ಎಚ್ಚರಿಕೆಯಲ್ಲಿ ಸ್ವಲ್ಪವನ್ನಾದರೂ ಮನೆಯ ಮಕ್ಕಳ ವಿಷಯದಲ್ಲಿ ತೋರುವುದು ಕಷ್ಟವಲ್ಲ. ಮೂರು ತಲೆಮಾರಿನವರ ಹೆಸರು, ಯಾರು ಯಾರನ್ನು ಮದುವೆಯಾದರು, ಯಾವ ಮಗು ಯಾವ ವಯಸ್ಸಿನಲ್ಲಿ ಯಾವ ತೊಂದರೆಯಿಂದ ತೀರಿಕೊಂಡಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತಂದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಈ ವಿವರ ಮನೆಯ ಹಿರಿಯ ಹೆಂಗಸರಿಗೆ ಚೆನ್ನಾಗಿ ತಿಳಿದಿರುವುದರಿಂದ ಅಜ್ಜಿಯನ್ನೂ ಜೊತೆಗೆ ಕರೆತರುವುದು ಒಳ್ಳೆಯದು.

ವಿಲ್ಸನ್ ಕಾಯಿಲೆ: ಚಿಕಿತ್ಸೆ ಇರುವ ಚಲನಾ ವ್ಯಾಧಿ

ಮಿದುಳಿನ ಆಳದಲ್ಲಿ ಬೂದುಬಣ್ಣದ ಕೆಲವು ಗಂಟುಗಳಿವೆ. ದೇಹದ ಚಲನೆಯನ್ನು ಹದದಲ್ಲಿಡುವ ಕೆಲಸ ಇವುಗಳದು. ಇವು ಕೆಟ್ಟಾಗ ನಡುಕ, ಕೈಕಾಲು ತಿರುಚಿಕೊಳ್ಳುವಿಕೆ, ಬಿಗಿತ, ಅನೈಚ್ಛಿಕ ಚಲನೆಗಳು ಕಾಣಿಸಿಕೊಳ್ಳುತ್ತವೆ. ಇವುಗಳಿಗೆ ಕಾರಣವಾಗುವ ಆನುವಂಶಿಕ ಕಾಯಿಲೆಗಳು ಹಲವು. ಅವುಗಳಲ್ಲಿ ವಿಲ್ಸನ್ ಕಾಯಿಲೆಯನ್ನು ಪ್ರತಿಯೊಬ್ಬ ಪೋಷಕರೂ ಶಿಕ್ಷಕರೂ ತಿಳಿದಿರಬೇಕು.

ಆಹಾರದಲ್ಲಿರುವ ತಾಮ್ರವು ದೇಹಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೇಕು. ಹೆಚ್ಚಾದುದನ್ನು ಯಕೃತ್ತು ಪಿತ್ತರಸದ ಮೂಲಕ ಹೊರಹಾಕುತ್ತದೆ. ಈ ಕೆಲಸ ಮಾಡುವ ಎ.ಟಿ.ಪಿ.-7-ಬಿ ಎಂಬ ಜೀನಿನ ಎರಡೂ ಪ್ರತಿಗಳು ಕೆಟ್ಟಿದ್ದರೆ ತಾಮ್ರವು ಮೊದಲು ಯಕೃತ್ತಿನಲ್ಲಿ, ಅನಂತರ ಮಿದುಳಿನಲ್ಲಿ ಸಂಗ್ರಹವಾಗುತ್ತದೆ. ಈ ಕಾಯಿಲೆಯನ್ನು 1912ರಲ್ಲಿ ಕಿನ್ನಿಯರ್ ವಿಲ್ಸನ್ ಎಂಬ ನರರೋಗ ತಜ್ಞರು ವಿವರಿಸಿದರು. ಅಂದು ಇದು ಮರಣಾಂತಿಕವಾಗಿತ್ತು. ತಾಮ್ರವನ್ನು ಮೂತ್ರದ ಮೂಲಕ ಹೊರತೆಗೆಯುವ ಪೆನಿಸಿಲಮೈನ್ ಔಷಧಿಯು 1956ರಲ್ಲಿ ಬಳಕೆಗೆ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಸತುವಿನ ಮಾತ್ರೆಗಳೂ ಅನಂತರ ಸೇರಿಕೊಂಡವು. ಜೀನನ್ನು 1993ರಲ್ಲಿ ಗುರುತಿಸಲಾಯಿತು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮೂರು ದಶಕಗಳ ಅವಧಿಯಲ್ಲಿ ಪರೀಕ್ಷಿಸಿದ 282 ವಿಲ್ಸನ್ ರೋಗಿಗಳ ವಿವರಗಳನ್ನು 2007ರಲ್ಲಿ ಪ್ರಕಟಿಸಿದರು. ಅಂದರೆ ಈ ಕಾಯಿಲೆಯ ಚಿಕಿತ್ಸೆಯಲ್ಲಿ ದೀರ್ಘಕಾಲದ ಅನುಭವವಿರುವ ಕೇಂದ್ರವೊಂದು ಕುಣಿಗಲ್ಲಿನಿಂದ ಒಂದು ದಿನದಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿದೆ.

ರೋಗವು ಸಾಮಾನ್ಯವಾಗಿ ಐದನೆಯ ವರ್ಷದ ಬಳಿಕ, ಶಾಲಾ ವಯಸ್ಸಿನಲ್ಲಿ ಅಥವಾ ಹದಿಹರೆಯದಲ್ಲಿ ಪ್ರಕಟವಾಗುತ್ತದೆ. ಚಿಕ್ಕ ಮಕ್ಕಳಲ್ಲಿ ಕಾಮಾಲೆ, ಹೊಟ್ಟೆ ಉಬ್ಬರ, ಕಾಲು ಊತ ಮೊದಲು ಕಾಣಿಸಿಕೊಳ್ಳಬಹುದು. ಕಾಮಾಲೆಗೆ ನಾಟಿ ಔಷಧಿ ಕೊಡಿಸಿ, ಅದು ಇಳಿದ ಮೇಲೆ ವಿಷಯವನ್ನು ಮರೆತುಬಿಡುವುದರಿಂದ ಎಷ್ಟೋ ಮಕ್ಕಳಲ್ಲಿ ರೋಗ ಪತ್ತೆಯಾಗುವ ಮೊದಲ ಅವಕಾಶ ಕಳೆದುಹೋಗುತ್ತದೆ. ಹದಿಹರೆಯದವರಲ್ಲಿ ದುಂಡಾಗಿದ್ದ ಅಕ್ಷರ ಕೆಡುವುದು, ಅನ್ನ ಕಲಸುವಾಗ ಕೈ ನಡುಗುವುದು, ಬಾಯಿ ಅರೆತೆರೆದಿದ್ದು ಎಂಜಲು ಸೋರುವುದು, ಮಾತು ಅಸ್ಪಷ್ಟವಾಗುವುದು, ಕಾರಣವಿಲ್ಲದ ಸಿಟ್ಟು, ಓದಿನಲ್ಲಿ ಹಿಂದೆ ಬೀಳುವುದು ಇವು ಲಕ್ಷಣಗಳು. ಇಂತಹ ಮಗುವನ್ನು ಸೋಮಾರಿಯೆಂದು ಗದರಿಸುವ ಮೊದಲು ಶಿಕ್ಷಕರು ಅದರ ಹಿಂದಿನ ವರ್ಷದ ನೋಟ್‌ಬುಕ್ಕನ್ನೂ ಈ ವರ್ಷದ್ದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ರಕ್ತದಲ್ಲಿನ ಸೆರುಲೋಪ್ಲಾಸ್ಮಿನ್ ಎಂಬ ಅಂಶದ ಪ್ರಮಾಣ, 24 ಗಂಟೆಗಳ ಮೂತ್ರದಲ್ಲಿನ ತಾಮ್ರದ ಪ್ರಮಾಣ ಮತ್ತು ನೇತ್ರತಜ್ಞರು ಸ್ಲಿಟ್ ಲ್ಯಾಂಪ್ ಉಪಕರಣದಿಂದ ನಡೆಸುವ ಕಣ್ಣಿನ ಪರೀಕ್ಷೆ ಇವುಗಳಿಂದ ಬಹುತೇಕ ಸಂದರ್ಭಗಳಲ್ಲಿ ರೋಗನಿರ್ಣಯ ಸಾಧ್ಯ. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ತಾಮ್ರವು ಕಂದು ಬಣ್ಣದ ಉಂಗುರವಾಗಿ ನಿಂತಿರುತ್ತದೆ.

ಚಿಕಿತ್ಸೆ ಜೀವನಪರ್ಯಂತ ನಡೆಯಬೇಕು. ಪ್ರಾರಂಭದ ವಾರಗಳಲ್ಲಿ ಕೆಲವರಿಗೆ ಲಕ್ಷಣಗಳು ಉಲ್ಬಣಿಸುವುದುಂಟು. ಆಗ ವೈದ್ಯರನ್ನು ಕಾಣಬೇಕೇ ಹೊರತು ತಾವಾಗಿಯೇ ಔಷಧಿ ಬಿಡಬಾರದು. ವರ್ಷಗಟ್ಟಲೆ ಸೇವಿಸಿ ಪೂರ್ಣ ಗುಣವಾಯಿತೆಂದು ಭಾವಿಸಿ ಮಾತ್ರೆ ನಿಲ್ಲಿಸಿದವರಲ್ಲಿ ಯಕೃತ್ತು ಹಠಾತ್ತಾಗಿ ವಿಫಲವಾಗಿ ಸಾವು ಸಂಭವಿಸಿದೆ. ಮದುವೆಯ ಸಂದರ್ಭದಲ್ಲಿ ಅತ್ತೆಮನೆಯವರಿಗೆ ತಿಳಿಯದಿರಲೆಂದು ಮಾತ್ರೆ ಬಿಡುವುದು, ಗರ್ಭಿಣಿಯಾದ ಕೂಡಲೇ ಬಿಡುವುದು ಎರಡೂ ಅಪಾಯಕರ. ಆಹಾರದಲ್ಲಿ ಪ್ರಾಣಿಗಳ ಲಿವರ್, ಅಣಬೆ, ಚಾಕೊಲೇಟ್, ಗೋಡಂಬಿ ಮುಂತಾದವನ್ನು ಮಿತಗೊಳಿಸಲಾಗುತ್ತದೆ. ತಾಮ್ರದ ಚೊಂಬು, ಬಿಂದಿಗೆಗಳಲ್ಲಿ ರಾತ್ರಿಯಿಡೀ ಇಟ್ಟ ನೀರು ಆರೋಗ್ಯಕ್ಕೆ ಒಳ್ಳೆಯದೆಂಬ ನಂಬಿಕೆ ಹಲವು ಮನೆಗಳಲ್ಲಿದೆ. ಇತರರ ಮಾತು ಹೇಗಿದ್ದರೂ ವಿಲ್ಸನ್ ರೋಗಿಗೆ ಆ ನೀರು ಕೂಡದು.

ಒಂದು ಮಗುವಿಗೆ ಈ ರೋಗ ಖಚಿತವಾದ ದಿನವೇ ಅದರ ಎಲ್ಲ ಒಡಹುಟ್ಟಿದವರನ್ನೂ, ಅವರು ಎಷ್ಟೇ ಆರೋಗ್ಯವಾಗಿದ್ದರೂ, ಪರೀಕ್ಷೆಗೆ ಒಳಪಡಿಸಬೇಕು. ಅವರಲ್ಲಿ ಪ್ರತಿಯೊಬ್ಬರಿಗೂ ರೋಗವಿರುವ ಸಂಭವ ನಾಲ್ಕರಲ್ಲಿ ಒಂದು. ಲಕ್ಷಣ ಕಾಣಿಸುವ ಮೊದಲೇ ಔಷಧಿ ಪ್ರಾರಂಭಿಸಿದ ಮಗು ಎಲ್ಲರಂತೆ ಬೆಳೆಯುತ್ತದೆ. ಅಣ್ಣನ ಕಾಯಿಲೆಯಿಂದ ತಂಗಿಯ ಜೀವ ಉಳಿಯುವ ಈ ಅವಕಾಶ ಬೇರೆ ಎಷ್ಟೋ ಕಾಯಿಲೆಗಳಲ್ಲಿ ಇಲ್ಲ.

ಸಮಯ ಕಳೆದರೆ ಹಾನಿ ಮಾಡುವ ಇತರ ಕಾಯಿಲೆಗಳು

ಗ್ಲುಟಾರಿಕ್ ಅಸಿಡೂರಿಯಾ ಒಂದನೆಯ ಬಗೆ ಎಂಬ ಕಾಯಿಲೆಯಲ್ಲಿ ಮಗು ಹುಟ್ಟಿದಾಗ ಸಾಮಾನ್ಯವಾಗಿಯೇ ಇರುತ್ತದೆ; ತಲೆ ಮಾತ್ರ ಸ್ವಲ್ಪ ದೊಡ್ಡದಾಗಿರಬಹುದು. ಒಂದು ವರ್ಷದ ಆಸುಪಾಸಿನಲ್ಲಿ ಜ್ವರವೋ ವಾಂತಿಭೇದಿಯೋ ಬಂದು ಎರಡು ದಿನ ಆಹಾರ ತಪ್ಪಿದಾಗ ಮಿದುಳಿನ ಆಳದ ಗಂಟುಗಳು ಹಾನಿಗೊಂಡು, ಕುಳಿತು ಆಡುತ್ತಿದ್ದ ಮಗು ಕತ್ತನ್ನೂ ಎತ್ತಲಾರದಂತಾಗುತ್ತದೆ. ಜ್ವರ ತಲೆಗೇರಿತು ಎಂದು ಜನರು ಹೇಳುವ ಘಟನೆಗಳಲ್ಲಿ ಕೆಲವಾದರೂ ಇಂತಹವು. ಮೊದಲೇ ತಿಳಿದಿದ್ದರೆ ವಿಶೇಷ ಆಹಾರ, ಕಾರ್ನಿಟಿನ್ ಔಷಧಿ ಮತ್ತು ಜ್ವರ ಬಂದ ಕೂಡಲೇ ಆಸ್ಪತ್ರೆಯಲ್ಲಿ ಗ್ಲೂಕೋಸ್ ನೀಡುವುದರಿಂದ ಈ ಹಾನಿಯನ್ನು ಬಹುಮಟ್ಟಿಗೆ ತಪ್ಪಿಸಬಹುದು. ಮೊದಲ ಮಗುವಿಗೆ ಈ ರೋಗವಿದ್ದ ಕುಟುಂಬದಲ್ಲಿ ಎರಡನೆಯ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ, ಕಾಗದದ ಮೇಲೆ ಒಣಗಿಸಿದ ರಕ್ತದ ಹನಿಯಿಂದ ಪರೀಕ್ಷೆ ನಡೆಸಬಹುದು.

ಸೆಗಾವಾ ಕಾಯಿಲೆ ಎಂಬುದು ಇನ್ನೊಂದು. ಜಪಾನಿನ ವೈದ್ಯ ಸೆಗಾವಾ ಅವರು 1970ರ ದಶಕದಲ್ಲಿ ಇದನ್ನು ವಿವರಿಸಿದರು. ಬೆಳಿಗ್ಗೆ ಸರಿಯಾಗಿ ನಡೆಯುವ ಮಗು ಸಂಜೆಯ ವೇಳೆಗೆ ಕಾಲು ತಿರುಚಿ, ತುದಿಗಾಲಿನಲ್ಲಿ ನಡೆಯುತ್ತದೆ. ನಿದ್ರೆ ಮಾಡಿ ಎದ್ದರೆ ಮತ್ತೆ ಸರಿಯಾಗುತ್ತದೆ. ಇದು ಹೆಣ್ಣುಮಕ್ಕಳಲ್ಲಿ ಹೆಚ್ಚು. ಸೆರೆಬ್ರಲ್ ಪಾಲ್ಸಿ ಎಂದು ತಪ್ಪಾಗಿ ತಿಳಿದು ವರ್ಷಗಟ್ಟಲೆ ವ್ಯಾಯಾಮ ಮಾಡಿಸುತ್ತಾ ಬಂದ ಮಕ್ಕಳು ಲೆವೊಡೋಪಾ ಔಷಧಿಯ ಸಣ್ಣ ಪ್ರಮಾಣದಿಂದಲೇ ಕೆಲವು ದಿನಗಳಲ್ಲಿ ಎದ್ದು ನಡೆದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿವೆ.

ನಡುಗುವ ಶಿಶುಗಳೆಲ್ಲ ಆನುವಂಶಿಕ ರೋಗಿಗಳಲ್ಲ. ತಾಯಿಯಲ್ಲಿ ಬಿ-12 ಜೀವಸತ್ವದ ಕೊರತೆಯಿದ್ದು, ಒಂದು ವರ್ಷ ಸಮೀಪಿಸಿದರೂ ಎದೆಹಾಲನ್ನಷ್ಟೇ ನೀಡಿದಾಗ ಮಗು ಬಿಳುಚಿಕೊಂಡು, ಕೂದಲು ವಿರಳವಾಗಿ, ಮಂಕಾಗಿ ನಡುಗತೊಡಗುತ್ತದೆ. ಇದನ್ನು ಭಾರತದ ಮಕ್ಕಳ ವೈದ್ಯರು ಬಹುಕಾಲದಿಂದ ಬಲ್ಲರು. ಅಗ್ಗದ ಬಿ-12 ಚಿಕಿತ್ಸೆಯಿಂದ ಸುಧಾರಣೆ ಕಾಣುತ್ತದೆ. ಹೆರಿಗೆಯಲ್ಲಿ ಉಸಿರುಗಟ್ಟುವಿಕೆ, ತೀವ್ರ ಕಾಮಾಲೆ, ಗರ್ಭದಲ್ಲಿ ತಗಲಿದ ರುಬೆಲ್ಲಾದಂತಹ ಸೋಂಕುಗಳೂ ಮಿದುಳಿಗೆ ಹಾನಿ ಮಾಡುತ್ತವೆ. ಕಾರಣವನ್ನು ಬೇರ್ಪಡಿಸಿ ಹೇಳುವುದು ಪರೀಕ್ಷೆಯಿಂದ ಮಾತ್ರ ಸಾಧ್ಯ.

ಎಲ್ಲಿ ತೋರಿಸಬೇಕು?

ನಾಲ್ಕೈದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ಕಾಯುವುದು ಸೂಕ್ತವಲ್ಲ. ಅವರಪ್ಪನೂ ತಡವಾಗಿಯೇ ನಡೆದದ್ದು ಎಂಬ ಸಮಾಧಾನದಲ್ಲಿ ಅಮೂಲ್ಯ ತಿಂಗಳುಗಳು ಕಳೆಯುತ್ತವೆ. ಕಲಿತಿದ್ದನ್ನು ಮಗು ಮರೆಯತೊಡಗಿದರೆ, ಅಂದರೆ ಕೂರುತ್ತಿದ್ದುದು ಕೂರಲಾರದಂತಾದರೆ, ಅದೇ ವಾರ ವೈದ್ಯರನ್ನು ಕಾಣಬೇಕು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಲ್ಲಿ ಪ್ರಾರಂಭವಾಯಿತು. ಇದರನ್ವಯ ಸಂಚಾರಿ ಆರೋಗ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಿ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಬೇಕಿದೆ. ಅಮೃತೂರು, ಹುಲಿಯೂರುದುರ್ಗ, ಎಡೆಯೂರು ಭಾಗದ ಪೋಷಕರು ತಂಡ ಬರುವ ದಿನವನ್ನು ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯರಿಂದ ತಿಳಿದುಕೊಂಡು ಅಂದು ಮಗುವನ್ನು ತಪ್ಪದೆ ಕರೆತರಬೇಕು. ತೊಂದರೆಯಿರುವ ಮಗುವನ್ನು ನಾಚಿಕೆಯಿಂದ ಅಂದು ಮನೆಯಲ್ಲಿಯೇ ಬಿಟ್ಟುಬರುವುದುಂಟು. ಕಾರ್ಯಕ್ರಮ ಇರುವುದೇ ಆ ಮಗುವಿಗಾಗಿ. ತಲೆಯ ಸುತ್ತಳತೆಯನ್ನು ಸಾಮಾನ್ಯ ಟೇಪಿನಿಂದ ಅಳೆದು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಒಂದು ಅಳತೆಗಿಂತ ತಿಂಗಳು ತಿಂಗಳಿನ ಅಳತೆಗಳು ಹೆಚ್ಚು ವಿಷಯ ತಿಳಿಸುತ್ತವೆ.

ತಾಲ್ಲೂಕು ಆಸ್ಪತ್ರೆಯ ಮಕ್ಕಳ ತಜ್ಞರು ಪರೀಕ್ಷಿಸಿ ತುಮಕೂರು ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಅಗತ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಕಳುಹಿಸುತ್ತಾರೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಈ ಮಕ್ಕಳ ಸಂಸ್ಥೆಯನ್ನು ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದೊಂದಿಗೆ ಉತ್ಕೃಷ್ಟತಾ ಕೇಂದ್ರವಾಗಿ ಗುರುತಿಸಲಾಗಿದೆ. ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಇಂತಹ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿಗಳವರೆಗೆ ನೆರವಿಗೆ 2022ರಲ್ಲಿ ಅವಕಾಶ ಕಲ್ಪಿಸಲಾಯಿತು. ಹೋಗುವಾಗ ಹಿಂದಿನ ಎಲ್ಲ ಚೀಟಿಗಳು, ಎಂ.ಆರ್.ಐ. ಫಿಲ್ಮ್‌ಗಳು ಮತ್ತು ಸಿ.ಡಿ. ಜೊತೆಯಲ್ಲಿರಬೇಕು. ಫಿಲ್ಮ್ ಕಳೆದುಹೋದರೆ ಚಿಕ್ಕ ಮಗುವಿಗೆ ಮತ್ತೊಮ್ಮೆ ಮಂಪರು ಔಷಧಿ ಕೊಟ್ಟು ಸ್ಕ್ಯಾನ್ ಮಾಡಬೇಕಾಗುತ್ತದೆ. ನಡುಕ ಅಥವಾ ತಿರುಚುವಿಕೆ ಬಂದು ಹೋಗುವಂತಹುದಾಗಿದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳುವುದು ಬಹಳ ಸಹಾಯಕ.

ಜೀನು ಪರೀಕ್ಷೆ ಮತ್ತು ಮುಂದಿನ ಗರ್ಭ

ಇಂದು ಸಾವಿರಾರು ಜೀನುಗಳನ್ನು ಒಮ್ಮೆಗೇ ಓದುವ ಎಕ್ಸೋಮ್ ಪರೀಕ್ಷೆ ಲಭ್ಯವಿದೆ. ಮಗುವಿನ ರಕ್ತದೊಂದಿಗೆ ತಂದೆ ತಾಯಿಯರ ರಕ್ತವನ್ನೂ ಪರೀಕ್ಷಿಸಿದರೆ ಉತ್ತರ ಸ್ಪಷ್ಟವಾಗುವ ಸಂಭವ ಹೆಚ್ಚು. ಆದರೂ ಎಲ್ಲ ಮಕ್ಕಳಲ್ಲಿಯೂ ಕಾರಣ ದೊರೆಯುವುದಿಲ್ಲ. ಕೆಲವು ವರದಿಗಳಲ್ಲಿ ಅರ್ಥ ಖಚಿತವಿಲ್ಲದ ಬದಲಾವಣೆ ಎಂದು ಬರೆದಿರುತ್ತದೆ. ಇದರ ಆಧಾರದ ಮೇಲೆ ಯಾವ ತೀರ್ಮಾನವನ್ನೂ ಕೈಗೊಳ್ಳಬಾರದು. ವರದಿಯನ್ನು ತಳಿವಿಜ್ಞಾನ ಸಲಹೆಗಾರರಿಂದಲೇ ವಿವರಿಸಿಕೊಳ್ಳಬೇಕು.

ಬಾಧಿತ ಮಗುವಿನ ಜೀನಿನ ದೋಷ ನಿಖರವಾಗಿ ತಿಳಿದಿದ್ದರೆ ಮಾತ್ರ ಮುಂದಿನ ಗರ್ಭದಲ್ಲಿ ಅದರ ಪರೀಕ್ಷೆ ಸಾಧ್ಯ. 11ರಿಂದ 13ನೆಯ ವಾರದಲ್ಲಿ ಮಾಸುವಿನ ಅಂಶದಿಂದ ಅಥವಾ ಸುಮಾರು 16ನೆಯ ವಾರದಲ್ಲಿ ಗರ್ಭಜಲದಿಂದ ಇದನ್ನು ನಡೆಸಲಾಗುತ್ತದೆ. ದೋಷವನ್ನು ಹುಡುಕಲು ಹಲವು ವಾರಗಳು ಬೇಕಾಗುವುದರಿಂದ ಗರ್ಭ ನಿಂತ ಮೇಲೆ ಪ್ರಾರಂಭಿಸಿದರೆ ಸಮಯ ಸಾಲದು. ಮಗು ಬದುಕುಳಿಯುವ ಭರವಸೆ ಇಲ್ಲದಿದ್ದಲ್ಲಿ ಅದರ ರಕ್ತದಿಂದ ಡಿ.ಎನ್.ಎ. ತೆಗೆದು ಸಂಗ್ರಹಿಸಿಡುವಂತೆ ಕೇಳಿಕೊಳ್ಳುವುದು, ಆ ದುಃಖದ ವೇಳೆಯಲ್ಲಿ ಕಠಿಣವೆನಿಸಿದರೂ, ಮುಂದೆ ದಾರಿ ತೋರಿಸುತ್ತದೆ. 1994ರ ಕಾಯಿದೆಯನ್ವಯ ಗರ್ಭದ ಜೀನು ಪರೀಕ್ಷೆ ನೋಂದಾಯಿತ ಕೇಂದ್ರಗಳಲ್ಲಿ ಮಾತ್ರ ನಡೆಯಬೇಕು. ಲಿಂಗವನ್ನು ತಿಳಿಸುವುದು ಅಪರಾಧ. ಗಂಭೀರ ದೋಷ ಕಂಡುಬಂದಾಗ ಗರ್ಭವನ್ನು ಮುಂದುವರಿಸುವ ಅಥವಾ ಕೊನೆಗೊಳಿಸುವ ನಿರ್ಧಾರ ಗರ್ಭಿಣಿಯದು. ಭ್ರೂಣದಲ್ಲಿ ಗಣನೀಯ ದೋಷವಿದ್ದಲ್ಲಿ 24 ವಾರಗಳ ಬಳಿಕವೂ ವೈದ್ಯಕೀಯ ಮಂಡಳಿಯ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ 2021ರ ತಿದ್ದುಪಡಿಯು ಅವಕಾಶ ನೀಡಿದೆ.

ಬದುಕಿರುವ ಮಗುವಿಗೆ ಫಿಸಿಯೋಥೆರಪಿ, ಫಿಟ್ಸ್ ಔಷಧಿ, ನುಂಗಲು ಕಷ್ಟವಿದ್ದರೆ ಆಹಾರ ಕೊಡುವ ಕ್ರಮದ ತರಬೇತಿ ಇವು ರೋಗದ ಹೆಸರು ತಿಳಿಯುವವರೆಗೆ ಕಾಯಬೇಕಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದ್ದು, ದೀರ್ಘಕಾಲಿಕ ನರರೋಗಗಳೂ ಅದರಲ್ಲಿ ಸೇರಿವೆ. ಯು.ಡಿ.ಐ.ಡಿ. ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು. ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ಅಂಗವಿಕಲತೆಯುಳ್ಳವರಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಡಿ 1 ಲಕ್ಷ ರೂಪಾಯಿಗಳವರೆಗಿನ ಆರೋಗ್ಯ ವಿಮೆ ಇದೆ.

ಆರೋಗ್ಯವಂತ ಒಡಹುಟ್ಟಿದವರ ವಿವಾಹ

ಅಣ್ಣನಿಗೆ ಈ ಕಾಯಿಲೆ ಇರುವುದರಿಂದ ತಂಗಿಗೆ ಮದುವೆಯಾಗುವುದಿಲ್ಲವೆಂಬ ಭಯದಿಂದ ಅನೇಕ ಕುಟುಂಬಗಳು ರೋಗವನ್ನೇ ಮುಚ್ಚಿಡುತ್ತವೆ. ಹೊರಗಿನ ಸಂಬಂಧ ಸಿಗಲಾರದೆಂದು ಮಗಳನ್ನು ಸೋದರಮಾವನಿಗೇ ಕೊಟ್ಟುಬಿಡುವುದೂ ಇದೆ. ವಿಲ್ಸನ್ ಕಾಯಿಲೆಯ ಲೆಕ್ಕದಿಂದ ಇದನ್ನು ಪರಿಶೀಲಿಸಬಹುದು.

ಪರೀಕ್ಷೆಯಲ್ಲಿ ರೋಗವಿಲ್ಲವೆಂದು ಖಚಿತವಾದ ತಂಗಿಯು ವಾಹಕಳಾಗಿರುವ ಸಂಭವ ಮೂರರಲ್ಲಿ ಎರಡು. ಸಾಮಾನ್ಯ ಜನರಲ್ಲಿ ಸುಮಾರು 90 ಮಂದಿಗೆ ಒಬ್ಬರು ವಾಹಕರೆಂದು ಇಟ್ಟುಕೊಂಡರೆ, ಸಂಬಂಧವಿಲ್ಲದ ಕುಟುಂಬದ ವರನನ್ನು ವಿವಾಹವಾದಾಗ ಆಕೆಯ ಮಗುವಿಗೆ ರೋಗ ಬರುವ ಸಂಭವ ಸುಮಾರು 540ರಲ್ಲಿ ಒಂದು. ಸೋದರಮಾವನ ವಿಷಯ ಹಾಗಲ್ಲ. ಹುಡುಗಿಯ ತಾಯಿ ವಾಹಕಳೆಂಬುದು ಖಚಿತವಾಗಿರುವುದರಿಂದ ತಾಯಿಯ ತಮ್ಮನೂ ವಾಹಕನಾಗಿರುವ ಸಂಭವ ಎರಡರಲ್ಲಿ ಒಂದು. ಅವರಿಬ್ಬರ ಮಗುವಿಗೆ ರೋಗ ಬರುವ ಸಂಭವ 12ರಲ್ಲಿ ಒಂದು. ಸೋದರಮಾವನ ಮಗನಾದರೆ 24ರಲ್ಲಿ ಒಂದು. ಭಯದಿಂದ ಆರಿಸಿಕೊಂಡ ಸಂಬಂಧವೇ ಅತ್ಯಂತ ಅಪಾಯದ್ದಾಗಿರುತ್ತದೆ. ಹೊರಗಿನ ಸಂಬಂಧದಲ್ಲಿ ಅಪಾಯ ಅತ್ಯಲ್ಪ. ಅಣ್ಣನ ಜೀನು ದೋಷ ತಿಳಿದಿರುವ ಕುಟುಂಬದಲ್ಲಿ ತಂಗಿ ವಾಹಕಳೇ ಅಲ್ಲವೇ ಎಂಬುದನ್ನು ಒಂದು ರಕ್ತಪರೀಕ್ಷೆಯಿಂದ ತಿಳಿಯಬಹುದು. ಪರೀಕ್ಷೆಯನ್ನು ನಿಶ್ಚಿತಾರ್ಥಕ್ಕೆ ಮುನ್ನ, ಆಕೆಯ ಒಪ್ಪಿಗೆ ಪಡೆದು, ಆಕೆಗೆ 18 ವರ್ಷ ತುಂಬಿದ ಬಳಿಕ ಮಾಡಿಸುವುದು ಸೂಕ್ತ. ವರದಿಯು ಆಕೆಯದೇ, ಅದನ್ನು ಯಾರಿಗೆ ತಿಳಿಸಬೇಕೆಂಬುದನ್ನು ಆಕೆಯೇ ನಿರ್ಧರಿಸಬೇಕು.